ಚಾಲಕನ ಲೈಸೆನ್ಸ್ ನೆಪದಲ್ಲಿ ಅಪಘಾತ ಪರಿಹಾರ ತಡೆದಾಗ: ಮಂಡ್ಯ–ಮೈಸೂರು ಭಾಗದ ಅರ್ಜಿದಾರರಿಗೂ ವಾಹನ ಮಾಲೀಕರಿಗೂ ಹಂತ ಹಂತದ ಮಾರ್ಗದರ್ಶಿ

ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ನಡೆಯುವ ಎಂವಿಸಿ (ಮೋಟಾರು ಅಪಘಾತ ಪರಿಹಾರ) ಪ್ರಕರಣಗಳ ಕಡತ ತೆರೆದು ನೋಡಿದರೆ, ವಿಮಾ ಕಂಪನಿಯ ಆಕ್ಷೇಪಣೆಯಲ್ಲಿ ಒಂದು ವಾಕ್ಯ ತಪ್ಪದೆ ಸಿಗುತ್ತದೆ: ‘ಅಪಘಾತದ ಕಾಲಕ್ಕೆ ಚಾಲಕನು ಸಿಂಧುವಾದ ಮತ್ತು ಪರಿಣಾಮಕಾರಿಯಾದ ಚಾಲನಾ ಪರವಾನಗಿ ಹೊಂದಿರಲಿಲ್ಲ, ಆದ್ದರಿಂದ ಈ ಎದುರುದಾರರು ಹೊಣೆಗಾರರಲ್ಲ.’ ಎಷ್ಟೋ ಪ್ರಕರಣಗಳಲ್ಲಿ ಇದು ಅಚ್ಚು ಹಾಕಿಟ್ಟ ಮಾತು. ಕಂಪನಿಯ ಕೈಯಲ್ಲಿ ಆಗ ಯಾವ ದಾಖಲೆಯೂ ಇರುವುದಿಲ್ಲ. ಆದರೆ ಈ ಒಂದು ವಾಕ್ಯಕ್ಕೆ ಹೆದರಿ ಕಡಿಮೆ ಮೊತ್ತಕ್ಕೆ ರಾಜಿಯಾಗುವ ಕುಟುಂಬಗಳೂ ಇವೆ, ಇದನ್ನು ಹಗುರವಾಗಿ ಕಂಡು ಮುಂದೆ ಹೊಲ ಜಪ್ತಿಗೆ ಬಂದಾಗ ಎಚ್ಚೆತ್ತುಕೊಳ್ಳುವ ವಾಹನ ಮಾಲೀಕರೂ ಇದ್ದಾರೆ.

ಲೈಸೆನ್ಸ್ ತಕರಾರು ಮೂಲತಃ ಮಾಲೀಕನಿಗೂ ವಿಮಾ ಕಂಪನಿಗೂ ನಡುವಿನದು. ದಾರಿಯಲ್ಲಿ ಹೋಗುತ್ತಿದ್ದು ಗಾಯಗೊಂಡವನು ಆ ಒಪ್ಪಂದದ ಪಕ್ಷಕಾರನಲ್ಲ. ಆದ್ದರಿಂದ ‘ಲೈಸೆನ್ಸ್ ಇತ್ತೋ ಇಲ್ಲವೋ’ ಎಂದು ಕೇಳಿ ನಿಲ್ಲಿಸಬಾರದು. ಯಾವ ವರ್ಗದ ಲೈಸೆನ್ಸ್, ಯಾವ ದಿನಾಂಕದವರೆಗೆ, ಯಾವ ತೂಕದ ವಾಹನಕ್ಕೆ, ಮತ್ತು ಕೊರತೆ ಇದ್ದರೆ ಅದು ಮಾಲೀಕನಿಗೆ ಗೊತ್ತಿತ್ತೇ ಎಂಬವು ನಿಜವಾದ ಪ್ರಶ್ನೆಗಳು. ಕೆಳಗಿನ ಹಂತಗಳೆಲ್ಲ ಇವಕ್ಕೆ ದಾಖಲೆಯ ಮೂಲಕ ಉತ್ತರ ಹುಡುಕುವ ದಾರಿಗಳು.

ಹಂತ 1: ಠಾಣೆಯ ಕಾಗದಗಳನ್ನು ಬೇಗ ಕೈಗೆ ತೆಗೆದುಕೊಳ್ಳಿ

ಪ್ರಥಮ ವರ್ತಮಾನ ವರದಿ, ಫಿರ್ಯಾದು, ಸ್ಥಳ ಮಹಜರು, ನಕಾಶೆ, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷೆಯ ವರದಿ, ಮತ್ತು ಜನ ‘ಬ್ರೇಕ್ ಇನ್ಸ್‌ಪೆಕ್ಟರ್’ ಎಂದು ಕರೆಯುವ ಮೋಟಾರು ವಾಹನ ನಿರೀಕ್ಷಕರು ಕೊಡುವ ಐಎಂವಿ (ವಾಹನ ತಪಾಸಣಾ) ವರದಿ, ಇಷ್ಟನ್ನು ಎಲ್ಲ ವಕೀಲರೂ ಕೇಳುತ್ತಾರೆ. ಲೈಸೆನ್ಸ್ ತಕರಾರಿಗೆ ಇನ್ನೆರಡು ಕಾಗದಗಳು ಹೆಚ್ಚು ಬೆಲೆಯವು. ಒಂದು, ಮೋಟಾರು ವಾಹನ ಕಾಯ್ದೆಯ ಕಲಂ 133ರಡಿ ಪೊಲೀಸರು ಮಾಲೀಕನಿಗೆ ಕೊಟ್ಟ ನೋಟಿಸು ಮತ್ತು ಅದಕ್ಕೆ ಆತ ಕೊಟ್ಟ ಉತ್ತರ. ಅಪಘಾತದ ವೇಳೆ ಯಾರು ಓಡಿಸುತ್ತಿದ್ದರು ಎಂದು ಮಾಲೀಕ ಮೊದಲ ಬಾರಿಗೆ ಲಿಖಿತವಾಗಿ ಹೇಳುವುದು ಇಲ್ಲಿ. ಎರಡು, ಚಾಲಕನ ಲೈಸೆನ್ಸ್, ಆರ್‌ಸಿ ಮತ್ತು ವಿಮಾ ಪಾಲಿಸಿಯನ್ನು ವಶಕ್ಕೆ ಪಡೆದ ಮಹಜರು.

ಅನಂತರ ದೋಷಾರೋಪಣ ಪಟ್ಟಿಯಲ್ಲಿ ಹಚ್ಚಿದ ಕಲಂಗಳನ್ನು ಗಮನಿಸಿ. ಕಲಂ 3ರ ಜೊತೆಗೆ 181 ಹಚ್ಚಿದ್ದರೆ ಚಾಲಕನಿಗೆ ಲೈಸೆನ್ಸ್ ಇರಲಿಲ್ಲವೆಂಬುದು ಪೊಲೀಸರ ಆರೋಪ. ಕಲಂ 5ರ ಜೊತೆಗೆ 180 ಹಚ್ಚಿದ್ದರೆ ಅಂಥವನ ಕೈಗೆ ವಾಹನ ಕೊಟ್ಟನೆಂದು ಮಾಲೀಕನ ಮೇಲಿನ ಆರೋಪ. ಕೇವಲ ಅತಿವೇಗ, ಅಜಾಗರೂಕತೆಯ ಕಲಂಗಳಷ್ಟೇ ಇದ್ದು 181 ಇಲ್ಲವಾದರೆ, ತನಿಖಾಧಿಕಾರಿಗೆ ಲೈಸೆನ್ಸ್ ಬಗ್ಗೆ ತಕರಾರು ಇರಲಿಲ್ಲವೆಂದು ಅರ್ಜಿದಾರರು ವಾದಿಸಬಹುದು. ಆದರೆ ಚಾಲಕ ಠಾಣೆಯಲ್ಲಿ ಲೈಸೆನ್ಸ್ ಹಾಜರುಪಡಿಸಲಿಲ್ಲವೆಂಬ ಒಂದೇ ಕಾರಣಕ್ಕೆ 181 ಹಚ್ಚುವುದೂ ಉಂಟು. ಹಾಜರುಪಡಿಸದೆ ಇರುವುದು ಬೇರೆ, ಇಲ್ಲದೇ ಇರುವುದು ಬೇರೆ. ದೋಷಾರೋಪಣ ಪಟ್ಟಿ ಆರೋಪವೇ ಹೊರತು ಪುರಾವೆಯಲ್ಲ.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರವಾದ ಅಪಘಾತ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. ಚಾಲಕನ ಲೈಸೆನ್ಸ್ ವಿವರ ಅದರಲ್ಲಿ ಬರುತ್ತದೆ. ಠಾಣೆಯಲ್ಲಿ ಇದನ್ನು ಹೆಸರು ಹಿಡಿದು ಕೇಳಿ.

ಹಂತ 2: ಆರ್‌ಟಿಒ ದಾಖಲೆಯನ್ನು ತರಿಸಿ, ಸರಿಯಾಗಿ ಓದಿ

ಲೈಸೆನ್ಸ್ ಕಾರ್ಡಿನ ಜೆರಾಕ್ಸ್ ಪ್ರತಿ ಸಾಲದು. ಸಂಬಂಧಪಟ್ಟ ಆರ್‌ಟಿಒ ಕಚೇರಿಯಿಂದ ‘ಡಿಎಲ್ ಎಕ್ಸ್‌ಟ್ರಾಕ್ಟ್’ (ಲೈಸೆನ್ಸ್ ದಾಖಲೆಯ ಅಧಿಕೃತ ಪ್ರತಿ) ಬೇಕು, ಜೊತೆಗೆ ವಾಹನದ ‘ಬಿ ಎಕ್ಸ್‌ಟ್ರಾಕ್ಟ್’ (ನೋಂದಣಿ ದಾಖಲೆಯ ಅಧಿಕೃತ ಪ್ರತಿ) ಬೇಕು. ಯಾವ ಕಚೇರಿ ಎಂಬುದು ಲೈಸೆನ್ಸ್ ಸಂಖ್ಯೆಯ ಮೊದಲ ಭಾಗದಲ್ಲೇ ಇದೆ: ಕೆಎ 11 ಮಂಡ್ಯ, ಕೆಎ 54 ನಾಗಮಂಗಲ, ಕೆಎ 09 ಮೈಸೂರು ಪಶ್ಚಿಮ, ಕೆಎ 55 ಮೈಸೂರು ಪೂರ್ವ, ಕೆಎ 45 ಹುಣಸೂರು. ಸಂಖ್ಯೆಯೂ ಹುಟ್ಟಿದ ದಿನಾಂಕವೂ ತಿಳಿದಿದ್ದರೆ ಸಾರಥಿ ಪರಿವಾಹನ ಜಾಲತಾಣದಲ್ಲಿ ಮೊದಲು ನೋಡಿಕೊಳ್ಳಬಹುದು. ಇದು ನಿಮ್ಮ ತಿಳಿವಳಿಕೆಗೆ, ಸಾಕ್ಷ್ಯಕ್ಕೆ ಎಕ್ಸ್‌ಟ್ರಾಕ್ಟೇ ಬೇಕು. ಬೇರೊಬ್ಬರ ಲೈಸೆನ್ಸ್ ವಿವರ ಕೊಡಲಾಗದು ಎಂದು ಕಚೇರಿ ಹೇಳಿದರೆ ವಾದಕ್ಕೆ ನಿಲ್ಲಬೇಡಿ, ನ್ಯಾಯಮಂಡಳಿಯ ಮೂಲಕ ದಾಖಲೆಗೆ ಸಮನ್ಸ್ ಕೇಳಿ.

ಎಕ್ಸ್‌ಟ್ರಾಕ್ಟ್ ಕೈಗೆ ಬಂದಾಗ ಎಲ್ಲರ ಕಣ್ಣೂ ಮೊದಲು ಬೀಳುವುದು ಒಂದೇ ಒಂದು ಕೊನೆಯ ದಿನಾಂಕದ ಮೇಲೆ, ಎಡವುವುದೂ ಅಲ್ಲೇ. ಸಾರಿಗೆ ವಾಹನ ಓಡಿಸುವ ಅಧಿಕಾರವೂ ಇರುವ ಲೈಸೆನ್ಸಿನಲ್ಲಿ ಎರಡು ಅವಧಿಗಳಿರುತ್ತವೆ: ‘ನಾನ್ ಟ್ರಾನ್ಸ್‌ಪೋರ್ಟ್’ ಅವಧಿ ಒಂದು, ‘ಟ್ರಾನ್ಸ್‌ಪೋರ್ಟ್’ ಅವಧಿ ಇನ್ನೊಂದು. 2019ರ ತಿದ್ದುಪಡಿಯ ಬಳಿಕ ಸಾರಿಗೆ ಅವಧಿ 5 ವರ್ಷ, ಅದಕ್ಕೂ ಮೊದಲು 3 ವರ್ಷವಿತ್ತು. ಸಾಮಾನ್ಯ ಲೈಸೆನ್ಸ್ 30 ವರ್ಷ ತುಂಬುವ ಮೊದಲು ಕೊಟ್ಟಿದ್ದರೆ 40ನೆಯ ವಯಸ್ಸಿನವರೆಗೆ, 30ರಿಂದ 50ರ ನಡುವೆ ಕೊಟ್ಟಿದ್ದರೆ 10 ವರ್ಷ ನಡೆಯುತ್ತದೆ. ಟ್ರಾನ್ಸ್‌ಪೋರ್ಟ್ ಅವಧಿ ಮುಗಿದು ನಾನ್ ಟ್ರಾನ್ಸ್‌ಪೋರ್ಟ್ ಅವಧಿ ಇನ್ನೂ ಇರುವ ಪ್ರಕರಣಗಳು ಬಹಳ, ಅವುಗಳ ಫಲಿತಾಂಶ ವಾಹನದ ತೂಕವನ್ನು ಅವಲಂಬಿಸುತ್ತದೆ.

ಹಳೆಯ ಪುಸ್ತಕ ಮಾದರಿಯ ಲೈಸೆನ್ಸ್‌ಗಳ ಕಥೆ ಬೇರೆ. ಅವುಗಳ ವಿವರ ಕಂಪ್ಯೂಟರಿಗೆ ‘ಬ್ಯಾಕ್‌ಲಾಗ್’ ನಮೂದಾಗಿ ಏರದೇ ಉಳಿದಿರಬಹುದು. ಕಂಪ್ಯೂಟರಿನಲ್ಲಿ ‘ದಾಖಲೆ ಸಿಗಲಿಲ್ಲ’ ಎಂದು ಬಂದ ಮಾತ್ರಕ್ಕೆ ಲೈಸೆನ್ಸ್ ನಕಲಿಯೆಂದು ಒಪ್ಪಿಕೊಳ್ಳಬೇಡಿ. ಕಚೇರಿಯ ಹಳೆಯ ರಿಜಿಸ್ಟರ್ ತೆರೆಸಿ.

ಹಂತ 3: ತಕರಾರು ಯಾವ ಬಗೆಯದು ಎಂದು ಗುರುತಿಸಿ

ಒಂದೊಂದು ಬಗೆಗೂ ಕಾನೂನು ಬೇರೆಬೇರೆಯಾಗಿ ಉತ್ತರ ಕೊಡುವುದರಿಂದ ಈ ಹಂತದಲ್ಲಿ ಅವಸರ ಬೇಡ.

ಮೊದಲನೆಯದು, ‘ಬ್ಯಾಡ್ಜ್ ಇಲ್ಲ’ ಎಂಬ ತಕರಾರು. ಗೂಡ್ಸ್ ಆಟೋ, ಟಾಟಾ ಏಸ್, ಬಾಡಿಗೆ ಕಾರು ಓಡಿಸುವವನ ಬಳಿ ಎಲ್‌ಎಂವಿ (ಹಗುರ ಮೋಟಾರು ವಾಹನ) ಲೈಸೆನ್ಸ್ ಮಾತ್ರ ಇದೆ, ಸಾರಿಗೆ ವಾಹನಕ್ಕೆ ಬೇಕಾದ ಅನುಮೋದನೆ ಇಲ್ಲ ಎಂದು ಕಂಪನಿ ಹೇಳುತ್ತದೆ. ಇದಕ್ಕೆ ಸುಪ್ರೀಂ ಕೋರ್ಟ್ 2017ರ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಉತ್ತರ ಹೇಳಿತು; ಅದರ ಬಗ್ಗೆ ಸಂದೇಹ ಎದ್ದಾಗ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಬಜಾಜ್ ಅಲಿಯಾನ್ಸ್ ವಿರುದ್ಧ ರಂಭಾ ದೇವಿ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ಒಟ್ಟು ತೂಕ 7500 ಕಿಲೋ ಮೀರದ ಸಾರಿಗೆ ವಾಹನವನ್ನು ಎಲ್‌ಎಂವಿ ಲೈಸೆನ್ಸ್ ಇರುವವನು ಓಡಿಸಬಹುದು, ಪ್ರತ್ಯೇಕ ಅನುಮೋದನೆ ಬೇಕಿಲ್ಲ. ಅಪಾಯಕಾರಿ ಸರಕಿನ ವಾಹನ, ಇ-ರಿಕ್ಷಾ ಮುಂತಾದವುಗಳಿಗೆ ಇರುವ ಹೆಚ್ಚುವರಿ ಷರತ್ತುಗಳು ಹಾಗೆಯೇ ಉಳಿದಿವೆ. ಆದ್ದರಿಂದ ಬಿ ಎಕ್ಸ್‌ಟ್ರಾಕ್ಟಿನಲ್ಲಿ ಒಟ್ಟು ತೂಕದ ಅಂಕಣಕ್ಕೆ ಗುರುತು ಹಾಕಿ ಅದನ್ನು ನಿಶಾನೆ ಮಾಡಿಸಿದರೆ (ಸಾಕ್ಷ್ಯದ ದಾಖಲೆಯಾಗಿ ಸೇರಿಸಿದರೆ) ಈ ತಕರಾರು ಅಲ್ಲಿಗೇ ಮುಗಿಯುತ್ತದೆ. ಟಾಟಾ ಏಸ್ ಆ ಮಿತಿಗಿಂತ ಬಹಳ ಕೆಳಗಿದೆ. ಕ್ಯಾಂಟರ್‌ಗಳಲ್ಲಿ ಮಾದರಿಯಿಂದ ಮಾದರಿಗೆ ತೂಕ ವ್ಯತ್ಯಾಸವಾಗುತ್ತದೆ, ಅಲ್ಲಿ ಊಹೆ ಮಾಡಬೇಡಿ. ಟ್ರಾನ್ಸ್‌ಪೋರ್ಟ್ ಅವಧಿ ಮುಗಿದು ನಾನ್ ಟ್ರಾನ್ಸ್‌ಪೋರ್ಟ್ ಅವಧಿ ಇದ್ದ ಚಾಲಕ ಹಗುರ ವಾಹನ ಓಡಿಸುತ್ತಿದ್ದರೆ ಇದೇ ತೀರ್ಪಿನ ಆಧಾರದಲ್ಲಿ ವಾದ ಕಟ್ಟಬಹುದು.

ಎರಡನೆಯದು ನಮ್ಮ ಕಬ್ಬಿನ ಸೀಮೆಯದು. ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಹಿಂದೆ ಟ್ರೇಲರ್ ಕಟ್ಟಿದ್ದರಿಂದ ಅದು ಸರಕು ವಾಹನವಾಯಿತು, ಟ್ರ್ಯಾಕ್ಟರ್ ಲೈಸೆನ್ಸ್ ಸಾಲದು ಎಂಬ ವಾದ ಹಳೆಯದು. 2001ರಲ್ಲಿ ನಾಗಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ: ಟ್ರ್ಯಾಕ್ಟರ್ ಓಡಿಸಲು ಸಿಂಧುವಾದ ಲೈಸೆನ್ಸ್ ಇರುವವನು ಟ್ರೇಲರ್ ಕಟ್ಟಿದ ಕೂಡಲೇ ಲೈಸೆನ್ಸ್ ಇಲ್ಲದವನಾಗುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಕಬ್ಬಿನ ಹೊರೆಯ ಮೇಲೋ ಮಡ್‌ಗಾರ್ಡ್ ಮೇಲೋ ಕುಳಿತಿದ್ದವರು ಬಿದ್ದು ಗಾಯಗೊಂಡಿದ್ದರೆ ಅದು ಲೈಸೆನ್ಸಿನ ಪ್ರಶ್ನೆಯಲ್ಲ, ಪಾಲಿಸಿ ಅವರನ್ನು ಒಳಗೊಳ್ಳುತ್ತದೆಯೇ ಎಂಬ ಬೇರೆಯೇ ಪ್ರಶ್ನೆ. ಎರಡನ್ನೂ ಕಲಸಿದರೆ ಅರ್ಜಿ ದುರ್ಬಲವಾಗುತ್ತದೆ.

ಮೂರನೆಯದು ಅವಧಿ ಮುಗಿದ ಲೈಸೆನ್ಸ್. ಹಿಂದೆ ಕಲಂ 14ರ ಪ್ರಕಾರ ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ಜೀವಂತವಾಗಿರುತ್ತಿತ್ತು. ಆ ರಿಯಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿತು. ಈಗ ಮುಗಿದ ಮೇಲೆ ಒಂದು ವರ್ಷದೊಳಗೆ ನವೀಕರಿಸಿಕೊಳ್ಳಬಹುದು, ಆದರೆ ನವೀಕರಣ ಜಾರಿಗೆ ಬರುವುದು ನವೀಕರಿಸಿದ ದಿನದಿಂದ. ನಡುವಿನ ದಿನಗಳಿಗೆ ರಕ್ಷಣೆಯಿಲ್ಲ. ಕೋವಿಡ್ ಕಾಲದ ಅಪಘಾತವಾಗಿದ್ದರೆ ಮಾತ್ರ ಮರೆಯದೆ ನೋಡಿ: 2020ರ ಫೆಬ್ರವರಿ 1ರ ನಂತರ ಅವಧಿ ಮುಗಿದ ಲೈಸೆನ್ಸ್‌ಗಳನ್ನು 2021ರ ಅಕ್ಟೋಬರ್ 31ರವರೆಗೆ ಸಿಂಧುವೆಂದು ಪರಿಗಣಿಸುವಂತೆ ಕೇಂದ್ರ ಸಾರಿಗೆ ಸಚಿವಾಲಯ ಸೂಚಿಸಿತ್ತು. ಆ ಕಾಲದ ಪ್ರಕರಣಗಳ ಮೇಲ್ಮನವಿಗಳಲ್ಲಿ ಇದು ಈಗಲೂ ಕೆಲಸಕ್ಕೆ ಬರುತ್ತದೆ. ಇನ್ನು ಲೈಸೆನ್ಸ್ ಮುಗಿದು ವರ್ಷಗಳೇ ಕಳೆದಿದ್ದರೆ ಮಾಲೀಕನ ಸ್ಥಿತಿ ಕಷ್ಟ. 2020ರ ಬೇಲಿ ರಾಮ್ ಪ್ರಕರಣದಲ್ಲಿ ಚಾಲಕನ ಲೈಸೆನ್ಸ್ ಮುಗಿದು ಮೂರು ವರ್ಷವಾಗಿತ್ತು; ನವೀಕರಣವನ್ನು ಗಮನಿಸುವುದು ಮಾಲೀಕನ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ ಹೊಣೆಯನ್ನು ಮಾಲೀಕನ ಮೇಲೆಯೇ ಇರಿಸಿತು.

ನಾಲ್ಕನೆಯದು ನಕಲಿ ಲೈಸೆನ್ಸ್. ನಕಲಿಯನ್ನು ಆರ್‌ಟಿಒ ಗೊತ್ತಿಲ್ಲದೆ ನವೀಕರಿಸಿದರೂ ಅದು ಅಸಲಿಯಾಗುವುದಿಲ್ಲ ಎಂಬುದು 2001ರ ಕಮಲಾ ಪ್ರಕರಣದ ನಿಲುವು. ಆದರೆ ಅದೊಂದರಿಂದಲೇ ಕಂಪನಿ ಪಾರಾಗುವುದಿಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಮಾಲೀಕ ಲೈಸೆನ್ಸ್ ನೋಡಿ, ಅದು ಮೇಲ್ನೋಟಕ್ಕೆ ಸರಿಯಾಗಿ ಕಂಡು, ಚಾಲನೆಯನ್ನೂ ಪರೀಕ್ಷಿಸಿದ್ದರೆ, ಪ್ರತಿಯೊಬ್ಬ ಚಾಲಕನ ಲೈಸೆನ್ಸನ್ನೂ ಆರ್‌ಟಿಒಗೆ ಹೋಗಿ ತಾಳೆ ನೋಡುವ ಹೊಣೆ ಆತನ ಮೇಲಿಲ್ಲ ಎಂದು 2003ರ ಲೆಹ್ರು ಪ್ರಕರಣದಿಂದ ಮೊದಲುಗೊಂಡು ನಂತರದ ತೀರ್ಪುಗಳು ಹೇಳುತ್ತ ಬಂದಿವೆ. ನಕಲಿ ಎಂದು ತಿಳಿದ ಮೇಲೂ ಮುಂದುವರಿಸಿದರೆ ಮಾತ್ರ ವಿಷಯ ಬೇರೆ.

ಕಲಿಕಾ ಲೈಸೆನ್ಸ್ ಕೂಡ ಲೈಸೆನ್ಸೇ ಎಂದು 2004ರ ಸ್ವರಣ್ ಸಿಂಗ್ ತೀರ್ಪು ಹೇಳುತ್ತದೆ. ಲೈಸೆನ್ಸೇ ಇಲ್ಲದಿದ್ದರೆ, ಅಥವಾ ಓಡಿಸಿದವನು ಅಪ್ರಾಪ್ತನಾಗಿದ್ದರೆ, ಮಾಲೀಕ ತಪ್ಪಿಸಿಕೊಳ್ಳುವುದು ಕಷ್ಟ. ಆಗಲೂ ಗಾಯಾಳುವಿಗೆ ದಾರಿ ಮುಚ್ಚಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಕೊನೆಗೆ, ತಕರಾರು ಗಾಯಗೊಂಡ ಬೈಕ್ ಸವಾರನ ಸ್ವಂತ ಲೈಸೆನ್ಸಿನ ಬಗ್ಗೆಯೂ ಬರಬಹುದು: ‘ಇವನಿಗೇ ಲೈಸೆನ್ಸ್ ಇಲ್ಲ, ಹಾಗಾಗಿ ಅರ್ಧ ತಪ್ಪು ಇವನದು.’ ಲೈಸೆನ್ಸ್ ಇಲ್ಲದಿರುವುದೊಂದೇ ಸಹನಿರ್ಲಕ್ಷ್ಯಕ್ಕೆ ಪುರಾವೆಯಾಗದು, ಆತನ ಚಾಲನೆಯೇ ಅಪಘಾತಕ್ಕೆ ಕಾರಣವಾಯಿತೆಂದು ತೋರಿಸಬೇಕು ಎಂದು 2008ರ ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಈ ತೀರ್ಪನ್ನು ಕೈಯಲ್ಲಿಟ್ಟುಕೊಳ್ಳಿ, ಹಳ್ಳಿಯ ಕಡೆಯ ಪ್ರಕರಣಗಳಲ್ಲಿ ಇದು ಮೇಲಿಂದ ಮೇಲೆ ಬೇಕಾಗುತ್ತದೆ.

ಹಂತ 4: ಅರ್ಜಿ ಸಲ್ಲಿಸುವುದು

ಕಲಂ 166ರ ಪರಿಹಾರ ಅರ್ಜಿಯನ್ನು ಅಪಘಾತ ನಡೆದ ಸ್ಥಳ, ಅರ್ಜಿದಾರರ ವಾಸ ಅಥವಾ ವ್ಯವಹಾರದ ಸ್ಥಳ, ಎದುರುದಾರರ ವಾಸಸ್ಥಳ, ಈ ಮೂರರಲ್ಲಿ ಯಾವ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಾದರೂ ಹಾಕಬಹುದು. ಮದ್ದೂರಿನ ಬಳಿ ಅಪಘಾತವಾಗಿ ಕುಟುಂಬ ಮೈಸೂರಿನಲ್ಲಿದ್ದರೆ ಮೈಸೂರಿನಲ್ಲೇ ನಡೆಸಲು ಅಡ್ಡಿಯಿಲ್ಲ. 2022ರ ಏಪ್ರಿಲ್ 1ರ ನಂತರದ ಅಪಘಾತಗಳಿಗೆ ಕಾಯ್ದೆ ಆರು ತಿಂಗಳ ಗಡುವು ಹಾಕಿದೆ. ಲೈಸೆನ್ಸ್ ದಾಖಲೆ ಸಿಗಲಿಲ್ಲವೆಂದು ಕಾಯುತ್ತ ಈ ಗಡುವನ್ನು ದಾಟಬೇಡಿ, ದಾಖಲೆಯನ್ನು ಆಮೇಲೆ ತರಿಸಬಹುದು.

ಮಾಲೀಕ ಮತ್ತು ವಿಮಾ ಕಂಪನಿಯ ಜೊತೆಗೆ ಚಾಲಕನನ್ನೂ ಎದುರುದಾರನನ್ನಾಗಿ ಮಾಡಿ. ಖರ್ಚು ಉಳಿಸಲು ಚಾಲಕನನ್ನು ಬಿಡುವ ರೂಢಿ ಇದೆ. ಲೈಸೆನ್ಸ್ ತಕರಾರಿನ ವಾಸನೆ ಇರುವ ಪ್ರಕರಣದಲ್ಲಿ ಅದು ತಪ್ಪು ಲೆಕ್ಕ. ಪ್ರಾರ್ಥನೆಯಲ್ಲಿ, ಪಾಲಿಸಿ ಷರತ್ತು ಉಲ್ಲಂಘನೆಯಾಗಿದೆ ಎಂದು ಕಂಡುಬಂದರೂ ಕಂಪನಿ ಮೊದಲು ಪಾವತಿಸಿ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸಬೇಕೆಂದು ಸ್ಪಷ್ಟವಾಗಿ ಬರೆಸಿ. ವಿಮಾ ಕಂಪನಿಯ ಹೊಣೆಯನ್ನು ಹೇಳುವ, ತಿದ್ದುಪಡಿಯಾದ ಕಲಂ 150ರ ಮಾತುಗಳು ಹಳೆಯ 149ರ ಮಾತುಗಳಿಗಿಂತ ಬೇರೆಯಾಗಿರುವುದನ್ನು ಕಂಪನಿಗಳು ಈಗ ವಾದಕ್ಕೆ ಬಳಸುತ್ತವೆ, ಆದ್ದರಿಂದ ಈ ಬೇಡಿಕೆ ಅರ್ಜಿಯಲ್ಲೇ ಇರುವುದು ಕ್ಷೇಮ.

ಹಂತ 5: ಸಾಕ್ಷ್ಯದ ಹೊರೆ ಕಂಪನಿಯ ಮೇಲಿದೆ, ಅದನ್ನು ನೀವು ಹೊರಬೇಡಿ

ಸ್ವರಣ್ ಸಿಂಗ್ ತೀರ್ಪಿನ ತಿರುಳನ್ನು ಸರಳವಾಗಿ ಹೇಳುವುದಾದರೆ, ಲೈಸೆನ್ಸ್ ಇರಲಿಲ್ಲ ಎಂದಷ್ಟೇ ಕಂಪನಿ ಸಾಬೀತುಪಡಿಸಿದರೆ ಸಾಲದು. ಮಾಲೀಕ ತಿಳಿದೂ ಅಥವಾ ಅಜಾಗ್ರತೆಯಿಂದ ಷರತ್ತನ್ನು ಮುರಿದನೆಂದೂ, ಆ ಕೊರತೆ ಅಪಘಾತಕ್ಕೆ ಕಾರಣವಾಗುವಷ್ಟು ಮೂಲಭೂತವಾಗಿತ್ತೆಂದೂ ತೋರಿಸಬೇಕು.

ಕಂಪನಿಯ ಕಡೆಯ ಸಾಕ್ಷಿಯಾಗಿ ಬರುವುದು ಸಾಮಾನ್ಯವಾಗಿ ಅದರ ಕಚೇರಿಯ ಅಧಿಕಾರಿ. ಆತನ ಪಾಟೀಸವಾಲಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಲೈಸೆನ್ಸ್ ಹಾಜರುಪಡಿಸುವಂತೆ ಮಾಲೀಕನಿಗೂ ಚಾಲಕನಿಗೂ ನೋಟಿಸು ಕೊಟ್ಟಿರುವಿರಾ? ಅದು ತಲುಪಿದ್ದಕ್ಕೆ ಸ್ವೀಕೃತಿ ಇದೆಯೇ? ಆರ್‌ಟಿಒ ಕಚೇರಿಯಲ್ಲಿ ನೀವೇ ವಿಚಾರಿಸಿದಿರಾ, ಅಥವಾ ಖಾಸಗಿ ತನಿಖೆದಾರನ ವರದಿ ನೋಡಿ ಹೇಳುತ್ತಿದ್ದೀರಾ? ಆ ತನಿಖೆದಾರನನ್ನು ಸಾಕ್ಷಿಯಾಗಿ ಕರೆಸಿದ್ದೀರಾ? ಬರೆದವನು ಕಟಕಟೆಗೆ ಬಾರದ ವರದಿಗೆ ಬೆಲೆ ಕಡಿಮೆ. ಆರ್‌ಟಿಒ ಸಿಬ್ಬಂದಿಯೇ ಸಾಕ್ಷಿಯಾಗಿ ಬಂದರೆ, ಹುಡುಕಿದ್ದು ಕಂಪ್ಯೂಟರಿನಲ್ಲಷ್ಟೆಯೇ ಅಥವಾ ರಿಜಿಸ್ಟರಿನಲ್ಲೂ ನೋಡಿದ್ದಾರೆಯೇ, ಹೆಸರಿನಿಂದ ಹುಡುಕಿದರೇ ಸಂಖ್ಯೆಯಿಂದ ಹುಡುಕಿದರೇ, ಬೇರೆ ಆರ್‌ಟಿಒದಲ್ಲಿ ಅದೇ ವ್ಯಕ್ತಿಗೆ ಲೈಸೆನ್ಸ್ ಇರುವ ಸಾಧ್ಯತೆಯನ್ನು ಅಲ್ಲಗಳೆಯಬಲ್ಲರೇ ಎಂದು ಕೇಳಿ. ಮಂಡ್ಯದ ಆರ್‌ಟಿಒದಲ್ಲಿ ಇಲ್ಲವೆಂದ ಮಾತ್ರಕ್ಕೆ ಮೈಸೂರಿನಲ್ಲೂ ಇಲ್ಲವೆಂದು ಆಗುವುದಿಲ್ಲ.

ಹಂತ 6: ಮಾಲೀಕರಿಗೆ ಪ್ರತ್ಯೇಕವಾಗಿ

ಸಮನ್ಸ್ ಬಂದಾಗ ‘ಇನ್ಶೂರೆನ್ಸ್ ಕಟ್ಟಿದ್ದೀನಿ, ಅವರೇ ನೋಡ್ಕೋತಾರೆ ಬಿಡಿ’ ಎಂದು ಅದನ್ನು ಬೀರುವಿನಲ್ಲಿಡುವುದು ಈ ಇಡೀ ವಿಷಯದಲ್ಲಿ ನಡೆಯುವ ಅತಿ ದುಬಾರಿ ತಪ್ಪು. ನೀವು ಬಾರದಿದ್ದರೆ ಪ್ರಕರಣ ಏಕಪಕ್ಷೀಯವಾಗುತ್ತದೆ; ಕಂಪನಿ ಕಲಂ 170ರಡಿ ಅನುಮತಿ ಪಡೆದು ಎಲ್ಲ ವಾದಗಳನ್ನೂ ಎತ್ತಬಹುದು. ನೀವು ಲೈಸೆನ್ಸ್ ನೋಡಿದ್ದಿರೋ ಇಲ್ಲವೋ ಎಂದು ಹೇಳಬಲ್ಲ ವ್ಯಕ್ತಿ ನೀವೊಬ್ಬರೇ, ಆ ಕುರ್ಚಿ ಖಾಲಿ ಇರುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ: ಪಾಂಡವಪುರದ ಕಡೆಯ ರೈತರೊಬ್ಬರ ಗೂಡ್ಸ್ ವಾಹನದ ಚಾಲಕನ ಲೈಸೆನ್ಸ್ ನಕಲಿ ಎಂದು ತೇಲಿತು, ಪರಿಹಾರ 14 ಲಕ್ಷವೆಂದು ಆದೇಶವಾಯಿತು. ಕಂಪನಿ ಹಣ ಕಟ್ಟಿ ಅದೇ ನ್ಯಾಯಮಂಡಳಿಯಲ್ಲಿ ಅಮಲ್ಜಾರಿಗೆ ಬರುತ್ತದೆ. ಹೀಗೆ ವಸೂಲಿಗೆ ಬರಲು ಪ್ರತ್ಯೇಕ ದಾವೆ ಬೇಕಿಲ್ಲ ಎಂದು 2004ರ ನಂಜಪ್ಪನ್ ಪ್ರಕರಣದಲ್ಲೇ ಹೇಳಲಾಗಿದೆ. ಆಗ ಪಹಣಿಯಲ್ಲಿರುವ ಜಮೀನು ಜಪ್ತಿಯ ಪಟ್ಟಿಗೆ ಬರುತ್ತದೆ. ಅದೇ ರೈತರು ಸಾಕ್ಷಿಕಟ್ಟೆಗೆ ಬಂದು, ಕೆಲಸಕ್ಕೆ ಸೇರಿಸುವಾಗ ಲೈಸೆನ್ಸಿನ ಪ್ರತಿ ಇಟ್ಟುಕೊಂಡಿದ್ದೆ, ಹತ್ತು ಕಿಲೋಮೀಟರ್ ಪಕ್ಕದಲ್ಲಿ ಕೂತು ಓಡಿಸಿ ನೋಡಿದ್ದೆ, ಇಷ್ಟು ವರ್ಷದಿಂದ ನನ್ನ ಬಳಿ ಇದ್ದಾನೆ ಎಂದು ಹೇಳಿ ಆ ಪ್ರತಿಯನ್ನು ನಿಶಾನೆ ಮಾಡಿಸಿದ್ದರೆ ಹೊಣೆ ಕಂಪನಿಯಲ್ಲೇ ಉಳಿಯುವ ಸಾಧ್ಯತೆ ಹೆಚ್ಚಿತ್ತು.

ಆದ್ದರಿಂದ ಚಾಲಕನನ್ನು ಇಟ್ಟುಕೊಳ್ಳುವ ದಿನವೇ ಲೈಸೆನ್ಸಿನ ಎರಡೂ ಬದಿಯ ಪ್ರತಿಗೆ ಆತನ ಸಹಿ, ದಿನಾಂಕ ಹಾಕಿಸಿಡಿ; ಮುಕ್ತಾಯದ ದಿನಾಂಕವನ್ನು ಪಾಲಿಸಿಯ ದಿನಾಂಕದ ಪಕ್ಕದಲ್ಲೇ ಬರೆದಿಡಿ. ಅಪಘಾತವಾದ ಕೂಡಲೇ ಕಂಪನಿಗೆ ಲಿಖಿತ ಸೂಚನೆ ಕೊಟ್ಟು ಸ್ವೀಕೃತಿ ಪಡೆಯಿರಿ. ಚಾಲಕನ ಹೆಸರು ಬದಲಿಸಿ ಲೈಸೆನ್ಸ್ ಇರುವ ಇನ್ನೊಬ್ಬನನ್ನು ತೋರಿಸುವ ‘ಸಲಹೆ’ ಯಾರಾದರೂ ಕೊಟ್ಟರೆ ಕೇಳಬೇಡಿ. ಆಸ್ಪತ್ರೆಯ ದಾಖಲೆ, 133ರ ಉತ್ತರ, ಪ್ರತ್ಯಕ್ಷದರ್ಶಿಯ ಹೇಳಿಕೆ ಒಂದಕ್ಕೊಂದು ತಾಳೆಯಾಗದೆ ಗಾಯಾಳುವಿನ ಸಾಚಾ ಅರ್ಜಿಯೂ ಮುಳುಗುತ್ತದೆ.

ಹಂತ 7: ಲೋಕ ಅದಾಲತ್

ಲೈಸೆನ್ಸ್ ತಕರಾರನ್ನು ಕಂಪನಿ ಚೌಕಾಸಿಗೆ ಬಳಸುವುದು ಇಲ್ಲಿ. ಅದಾಲತ್ತಿನ ಆದೇಶ ಅಂತಿಮ, ಮೇಲ್ಮನವಿ ಇಲ್ಲ. ತಕರಾರಿಗೆ ಆಧಾರವಾಗಿ ಏನು ದಾಖಲೆ ಇದೆ ಎಂದು ನೇರವಾಗಿ ಕೇಳಿ. ಬಾಯಿಮಾತಾಗಿದ್ದರೆ ಅದಕ್ಕಾಗಿ ಒಂದು ರೂಪಾಯಿಯನ್ನೂ ಬಿಡುವ ಅಗತ್ಯ ನನಗೆ ಕಾಣುವುದಿಲ್ಲ. ದಾಖಲೆ ಗಟ್ಟಿಯಾಗಿದ್ದರೆ ವರ್ಷಗಟ್ಟಲೆ ಕಾಯುವುದಕ್ಕಿಂತ ಸ್ವಲ್ಪ ಬಿಟ್ಟು ಪಡೆಯುವುದು ಕೆಲವು ಕುಟುಂಬಗಳಿಗೆ ಸರಿಯಾಗಬಹುದು. ವಕೀಲರಿಗೆ ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಸಿಗುತ್ತದೆ.

ಹಂತ 8: ಆದೇಶದ ನಂತರ

ಉಲ್ಲಂಘನೆ ಸಾಬೀತಾದರೂ ಮೂರನೆಯ ವ್ಯಕ್ತಿಗೆ (ವಿಮಾ ಒಪ್ಪಂದದ ಪಕ್ಷಕಾರನಲ್ಲದ ಗಾಯಾಳುವಿಗೆ) ಕಂಪನಿ ಮೊದಲು ಪಾವತಿಸಿ ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕು ಎಂಬ ತತ್ವಕ್ಕೆ ನಮ್ಮ ರಾಜ್ಯದಲ್ಲಿ ಎರಡು ಗಟ್ಟಿ ಆಧಾರಗಳಿವೆ. ಕರ್ನಾಟಕದಿಂದಲೇ ಹೋದ ಶಾಮಣ್ಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಅಂಥ ಆದೇಶವನ್ನು ಮರುಸ್ಥಾಪಿಸಿತು. 2020ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಯಲ್ಲವ್ವ ಪ್ರಕರಣದಲ್ಲಿ ಹಳೆಯ ಕಲಂ 149ರಡಿ ಇದನ್ನು ವಿವರವಾಗಿ ಹೇಳಿತು. ಕಂಪನಿಯನ್ನು ಪೂರ್ತಿ ಬಿಟ್ಟು ಮಾಲೀಕನೊಬ್ಬನನ್ನೇ ಹೊಣೆ ಮಾಡಿದ ಆದೇಶ ಬಂದರೆ, ಅದು ನಿಮ್ಮ ಪರವಾದ ಮೊತ್ತ ತೋರಿಸಿದರೂ ಕೈಗೆ ಬಾರದ ಹಣ; ಮೇಲ್ಮನವಿ ಯೋಚಿಸಿ.

ಮೇಲ್ಮನವಿ ಬೆಂಗಳೂರಿನ ಹೈಕೋರ್ಟಿಗೆ ಎಂಎಫ್‌ಎ (ಮಿಸಲೇನಿಯಸ್ ಫಸ್ಟ್ ಅಪೀಲ್) ರೂಪದಲ್ಲಿ, ಆದೇಶದ ದಿನದಿಂದ 90 ದಿನದೊಳಗೆ. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿ ಇಲ್ಲ. ಹಣ ಕಟ್ಟುವಂತೆ ಆದೇಶವಾದ ಮಾಲೀಕ ಮೇಲ್ಮನವಿ ಹಾಕುವಾಗ 25,000 ರೂಪಾಯಿ ಅಥವಾ ಆದೇಶದ ಮೊತ್ತದ ಅರ್ಧ, ಎರಡರಲ್ಲಿ ಕಡಿಮೆಯಾದದ್ದನ್ನು ಠೇವಣಿ ಇಡಬೇಕು. ದೃಢೀಕೃತ ಪ್ರತಿಗೆ ಆದೇಶವಾದ ವಾರದಲ್ಲೇ ಅರ್ಜಿ ಹಾಕಿ.

ಸ್ವಂತ ವಾಹನದ ನಷ್ಟ ಕೇಳುವವರಿಗೆ

ನಿಮ್ಮದೇ ಕಾರು ಜಖಂ ಆಗಿ ಕಂಪನಿ ಲೈಸೆನ್ಸ್ ಕಾರಣದಿಂದ ಕ್ಲೇಮ್ ತಿರಸ್ಕರಿಸಿದ್ದರೆ ಮೇಲಿನ ರಕ್ಷಣೆಗಳಲ್ಲಿ ಬಹುಪಾಲು ಅನ್ವಯಿಸುವುದಿಲ್ಲ. ಸ್ವರಣ್ ಸಿಂಗ್ ತೀರ್ಪು ಮೂರನೆಯ ವ್ಯಕ್ತಿಗಳಿಗಾಗಿ ಇರುವುದು ಎಂದು ಸುಪ್ರೀಂ ಕೋರ್ಟ್ 2007ರ ಲಕ್ಷ್ಮೀ ನಾರಾಯಣ್ ಧುತ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮಾಲೀಕ-ಚಾಲಕನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಗೂ ಸಿಂಧುವಾದ ಲೈಸೆನ್ಸ್ ಬೇಕೇ ಬೇಕು. ಆದರೆ 7500 ಕಿಲೋ ಒಳಗಿನ ವಾಹನಕ್ಕೆ ‘ಬ್ಯಾಡ್ಜ್ ಇಲ್ಲ’ ಎಂದು ತಿರಸ್ಕರಿಸಿದ್ದರೆ ರಂಭಾ ದೇವಿ ತೀರ್ಪು ಇಲ್ಲಿಯೂ ನೆರವಿಗೆ ಬರುತ್ತದೆ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ, ಆಮೇಲೆ ವಿಮಾ ಒಂಬುಡ್ಸ್‌ಮನ್ ಅಥವಾ ಜಿಲ್ಲಾ ಗ್ರಾಹಕ ಆಯೋಗ. ಆಯೋಗಕ್ಕೆ ತಿರಸ್ಕಾರವಾದ ದಿನದಿಂದ ಎರಡು ವರ್ಷದ ಅವಧಿ ಇದೆ. ತಿರಸ್ಕಾರ ಪತ್ರ, ಆರ್‌ಸಿ ಮತ್ತು ಡಿಎಲ್ ಎಕ್ಸ್‌ಟ್ರಾಕ್ಟ್ ಮೂರನ್ನೂ ದೂರಿನ ಜೊತೆಗೇ ಲಗತ್ತಿಸಿ.